ಎರಡು ಕತ್ತು, ಒಂದು ಸ್ವಿಚ್ಚು

ನಮ್ಮ ಭಾವನವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯೋಣವೆಂದು ಕೂತರೆ ಮೂರನೆಯದಕ್ಕೇ ನನ್ನ ಪೆನ್ನು ನಿಂತುಬಿಡುತ್ತದೆ. ಕುಡಿಯುವುದಿಲ್ಲ. ಯಾರ ಮೇಲೂ ಕೈ ಎತ್ತಿದವರಲ್ಲ. ಬೆಳಿಗ್ಗೆ ಎದ್ದರೆ ತಮ್ಮ ಹೊದಿಕೆಯನ್ನು ತಾವೇ ಮಡಿಸಿಡುತ್ತಾರೆ. ಮುಗಿಯಿತು. ಉಳಿದಂತೆ, ಆಸ್ಪತ್ರೆಯ ವಾರ್ಡೊಂದನ್ನು ವರ್ಷಗಟ್ಟಲೆ ಸಂಭಾಳಿಸಿದ ನರ್ಸಾಗಿ ಹೇಳುತ್ತೇನೆ, ಅರವಳಿಕೆ ಕೊಟ್ಟು ಮಲಗಿಸಿದ ರೋಗಿಗಳು ಕೂಡ ಈ ಮನುಷ್ಯನಿಗಿಂತ ಬೇಗ ಒಂದು ತೀರ್ಮಾನಕ್ಕೆ ಬರುತ್ತಾರೆ.

ಅವರ ಕೆಲಸ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು. ಅಂಗಡಿಯ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಎತ್ತರದ ಒಂದು ಕುರ್ಚಿ, ಎದುರು ಗೋಡೆಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಫಲಕ. ಗಿರಾಕಿಯ ಮೂಗಿನ ಮೇಲೆ ಗಾಜಿಲ್ಲದ ಭಾರದ ಕನ್ನಡಕವೊಂದನ್ನು ಕೂರಿಸಿ, ಒಂದೊಂದೇ ಗಾಜು ತೂರಿಸಿ, ತೆಗೆದು, ಮತ್ತೆ ತೂರಿಸಿ, "ಇದು ಚೆನ್ನಾಗಿ ಕಾಣುತ್ತಾ? ಇದಾ? ಈಗ ನೋಡಿ, ಮೊದಲಿಂದಾ, ಇದಾ?" ಎಂದು ಕೇಳುತ್ತಾ ಹೋಗುವುದು. ಊರವರನ್ನೆಲ್ಲ ಎರಡರಲ್ಲಿ ಒಂದನ್ನು ಆರಿಸಿ ಎಂದು ಬೆಳಗಿನಿಂದ ಸಂಜೆಯವರೆಗೆ ಪೀಡಿಸುವ ಈ ಮಹಾನುಭಾವರು, ತಮ್ಮ ಸರದಿ ಬಂದಾಗ ಹೇಳುವುದು ಒಂದೇ ಮಾತು: "ನೋಡೋಣ." ಹೀಗಾಗಿ ಬೀದಿಯವರು ಅವರಿಗೆ ಇಟ್ಟ ಹೆಸರೂ ನೋಡೋಣ ಸಾಹೇಬರು ಎಂದೇ. ಇದು ಅವರಿಗೆ ಗೊತ್ತು. ಬೇಜಾರು ಮಾಡಿಕೊಳ್ಳಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದಾರೆ.

ಇಂಥವರಿಗೆ ಮದುವೆ ಹೇಗಾಯಿತು ಅಂತೀರಾ? ಅದೂ ನಮ್ಮಕ್ಕನ ಕೃಪೆ. ಕಣ್ಣು ತೋರಿಸಲು ಹೋದವಳಿಗೆ ಇವರು ಇದಾ, ಅದಾ ಎಂದು ಶುರು ಹಚ್ಚಿಕೊಂಡಾಗ ಅವಳು, "ಎರಡೂ ಒಂದೇ ಥರ ಇದೆ ಸಾರ್, ಯಾವುದಾದ್ರೂ ಹಾಕಿ ಕಳಿಸಿ, ನಂಗೆ ಕೆಲಸ ಇದೆ" ಅಂದಳಂತೆ. ಹೀಗೂ ಒಬ್ಬರು ಬದುಕಬಹುದು ಎಂದು ಅಂದೇ ಮೊದಲ ಸಲ ತಿಳಿದ ಭಾವ ಬೆಕ್ಕಸ ಬೆರಗಾಗಿಬಿಟ್ಟರು. ಆಮೇಲೆ ಅಕ್ಕನ ಕನ್ನಡಕದ ತಿರುಪು ಪದೇ ಪದೇ ಸಡಿಲವಾಗತೊಡಗಿತು. ಕೊನೆಗೊಂದು ದಿನ ಅಂಗಡಿಯ ಕೌಂಟರಿನ ಮುಂದೆ ನಿಂತು ಅವಳೇ ಕೇಳಿದಳು: "ಮದುವೆ ಆಗೋಣ್ವಾ?" ಭಾವ ಯಥಾಪ್ರಕಾರ "ನೋಡೋಣ" ಅಂದರು. "ನೋಡಿದ್ದು ಸಾಕು" ಅಂದಳು ಅಕ್ಕ. ಹಾಗೆ ಆಯಿತು.

ಆ ಮನೆಗೆ ಫ್ಯಾನ್ ಬಂದಿದ್ದು ಸೆಕೆಗಾಲ ಮುಗಿದ ಮೇಲೆ. ಮುಂದಿನ ಕೋಣೆಯ ಕಿಟಕಿಗೆ ಪರದೆ ಯಾವ ಬಣ್ಣದ್ದೆಂದು ತೀರ್ಮಾನವಾಗದೆ, ಎದುರು ಮನೆಯವರಿಗೆ ಇವರ ಸಂಸಾರವೆಲ್ಲ ಬಾಯಿಪಾಠವಾಗಿತ್ತು. ನಾನು ಇರುವುದು ಅದೇ ಮಹಡಿಯ ಪಕ್ಕದ ಮನೆಯಲ್ಲಿ. ನಡುವೆ ಒಂದೇ ಗೋಡೆ. ಮೀನ ಮೇಷ ಎಣಿಸುವುದು ಕಿವಿಗೂ ಕೇಳಿಸುತ್ತದೆ ಎಂದರೆ ನಂಬುವುದಿಲ್ಲ ನೀವು. ನಾನು ಕೇಳಿದ್ದೇನೆ.

ಅವರ ಜೀವನದಲ್ಲಿ ಗಟ್ಟಿಯಾಗಿದ್ದದ್ದು ಒಂದೇ, ಶನಿವಾರ ಸಂಜೆಯ ವಾದ್ಯಗೋಷ್ಠಿ. ಪೇಟೆಯ ದೊಡ್ಡ ಹೋಟೆಲಿನ ಊಟದ ಹಾಲಿನಲ್ಲಿ, ಮೂಲೆಯ ಮೊಣಕಾಲೆತ್ತರದ ವೇದಿಕೆಯ ಮೇಲೆ ಅಕ್ಕ ಹಾಡುತ್ತಿದ್ದಳು. ಭಾವ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ಒಂದು ತುಂಡನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಿದ್ದರು. ಬೇಸ್ ಗಿಟಾರಿಗೆ ವಿದ್ಯುತ್ ಮೀಟರ್ ಓದುವವನೊಬ್ಬ. ಡ್ರಮ್ಮಿಗೆ ಟೈರ್ ಅಂಗಡಿಯವನು; ಹಗಲೆಲ್ಲ ಟೈರಿಗೆ ಬಡಿದು ಸಾಲದೆ ಸಂಜೆ ಇಲ್ಲಿಗೂ ಬರುತ್ತಿದ್ದ. ನಿಜ ಹೇಳಬೇಕೆಂದರೆ ಜನ ಕೇಳುತ್ತಿದ್ದದ್ದು ಅಕ್ಕನನ್ನು. ಗ್ಯಾಸ್ ಬುಕಿಂಗ್ ಆಫೀಸಿನಲ್ಲಿ ವಾರವಿಡೀ ಫೋನಿನಲ್ಲಿ ಬೈಸಿಕೊಳ್ಳುವ ಹೆಂಗಸು, ಶನಿವಾರ ಒಂದು ಒಳ್ಳೆ ಸೀರೆ ಉಟ್ಟು ಮೈಕಿನ ಮುಂದೆ ನಿಂತರೆ ಬೇರೆಯೇ ಆಗುತ್ತಿದ್ದಳು. ಅವಳಿಗೆ ಬೇರೆ ಶೋಕಿ ಇರಲಿಲ್ಲ. ಮಕ್ಕಳೂ ಇರಲಿಲ್ಲ. ಇದ್ದದ್ದು ಆ ಶನಿವಾರ.

ಆದರೆ ವಯಸ್ಸು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಅಕ್ಕನ ದನಿ ಇಳಿಯುತ್ತ ಬಂತು. ಮೊದಲು ಸಲೀಸಾಗಿ ಏರುತ್ತಿದ್ದ ಜಾಗಗಳಲ್ಲಿ ಅವಳು ಉಸಿರು ಹಿಡಿದು ನಿಲ್ಲುವುದು, ಆ ಪದವನ್ನು ನುಂಗುವುದು ಎಲ್ಲ ಶುರುವಾಯಿತು. ಹಾಡುಗಳನ್ನು ಕೆಳಗಿನ ಶ್ರುತಿಗೆ ಇಳಿಸಿಕೊಂಡಳು. ಅದಕ್ಕೆ ಅವಳಿಗೇ ನಾಚಿಕೆ. ಅಷ್ಟರಲ್ಲಿ ಹೋಟೆಲಿಗೆ ಹೊಸ ಮ್ಯಾನೇಜರಮ್ಮ ಬಂದರು. ಆಕೆಗೆ ಸಂಗೀತ ಎಷ್ಟು ಗೊತ್ತಿತ್ತೆಂದರೆ, ಡ್ರಮ್ಮಿನವನು ಕೂರುವ ಸ್ಟೂಲು ಕುರ್ಚಿಗಳಿಗೆ ಹೊಂದುವುದಿಲ್ಲ ಎಂದು ಬದಲಾಯಿಸಲು ಹೇಳಿದವರು ಆಕೆ. ಹಾಲಿನ ನೆಲ ಕಿತ್ತು ಹೊಸದು ಹಾಕುವವರೆಗೆ ಕಾರ್ಯಕ್ರಮ ಇಲ್ಲ. ತೆರೆಯುವ ಮುಂಚೆ ಒಂದು ಸಲ ಕೇಳಿ ನೋಡಿ, ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತೇನೆ ಎಂದರು. "ಮೇಡಂ ವಾಯ್ಸು ಸ್ವಲ್ಪ ಇಳಿದಿದೆ ಅಲ್ವಾ" ಎಂದು ಅಕ್ಕನ ಮುಖಕ್ಕೇ ಅಂದರು.

ಅಕ್ಕ ಮನೆಗೆ ಬಂದು ಕೈಕಾಲು ತೊಳೆದು, ಏನೂ ಆಗದವಳಂತೆ ಒಲೆ ಹಚ್ಚಿದಳು. ನಾನು ಕೇಳಿದ್ದಕ್ಕೆ "ಬಿಟ್ರೆ ಬಿಡ್ತಾರೆ ಕಣೆ" ಅಂದಳು. ಆ ದನಿಯಲ್ಲಿ ಅವಳು ಸುಳ್ಳು ಹೇಳುವಾಗ ಮಾತ್ರ ಮಾತಾಡುತ್ತಾಳೆ.

ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ಪಕ್ಕದಲ್ಲಿ ಕೂತು ನಾಲ್ಕು ಹಾಡು ಅಭ್ಯಾಸ ಮಾಡಿಸಬೇಕು. ನಮ್ಮ ಭಾವ ಏನು ಮಾಡಿದರು ಗೊತ್ತೆ? "ಪೆಡಲ್ ಸ್ಟೀಲ್ ತಗೋತೀನಿ" ಎಂದು ಘೋಷಿಸಿದರು.

ಅದನ್ನು ನೋಡದವರಿಗೆ ಹೇಳಿಬಿಡುತ್ತೇನೆ. ಗಿಟಾರ್ ಎನ್ನುತ್ತಾರೆ, ಆದರೆ ಅದು ನಾಲ್ಕು ಕಾಲಿನ ಮೇಲೆ ನಿಂತ ಉದ್ದನೆಯ ಮೇಜು. ಮೇಜಿನ ಮೇಲೆ ತಂತಿ ಬಿಗಿದ ಪಟ್ಟಿ, ಅದಕ್ಕೆ ಕತ್ತು ಎಂದು ಹೆಸರು. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳುಗಳಿಗೆ ತಂತಿ ಮೀಟುವ ಪಿಕ್ಕು. ಕೆಳಗೆ ಎಡಗಾಲಿಗೆ ಸಾಲಾಗಿ ಪೆಡಲುಗಳು. ಒತ್ತಿದರೆ ಮೇಜಿನ ಹೊಟ್ಟೆಯೊಳಗಿನ ಸರಳುಗಳು ತಂತಿಯನ್ನು ಎಳೆದು, ಸ್ವರ ಜಾರಿ ಮೇಲೇರುತ್ತದೆ. ಎರಡು ಮೊಣಕಾಲುಗಳಿಗೂ ಲಿವರುಗಳು. ಬಲಗಾಲಿಗೆ ದನಿ ಹೆಚ್ಚು ಕಡಿಮೆ ಮಾಡುವ ಬೇರೆ ಪೆಡಲು. ನುಡಿಸುವವನ ಮೈಯಲ್ಲಿ ಕೆಲಸವಿಲ್ಲದೆ ಉಳಿಯುವುದು ಮೂಗೊಂದೇ. ಬೂಟಿನ ಲೇಸು ಕಟ್ಟಲು ಯಾವ ಕಾಲು ಮೊದಲು ಎಂದು ಯೋಚಿಸುವವರಿಗೆ ಇದಕ್ಕಿಂತ ತಕ್ಕ ವಾದ್ಯ ಇನ್ನೆಲ್ಲಿ ಸಿಗಬೇಕು!

ಈ ವಾದ್ಯದಲ್ಲಿ ಮೂರು ಬಗೆ ಇದೆ ಎಂದು ತಿಳಿದ ದಿನವೇ ನಮ್ಮ ನೆಮ್ಮದಿ ಹಾಳಾಯಿತು. ಒಂದು ಕತ್ತು, ಹತ್ತು ತಂತಿಯದು. ಅದರ ಶ್ರುತಿಗೆ ಇ-ನೈನ್ ಎನ್ನುತ್ತಾರೆ, ಎತ್ತರದ, ಬಿಕ್ಕಿ ಅಳುವ ದನಿ. ಎರಡು ಕತ್ತಿನದು ಇನ್ನೊಂದು; ಆಚೆಯ ಕತ್ತು ಅದೇ ಅಳುವುದು, ನುಡಿಸುವವನ ಹತ್ತಿರದ ಕತ್ತು ಸಿ-ಸಿಕ್ಸ್ ಎಂಬ ಬೇರೆ ಶ್ರುತಿ, ಗಂಭೀರ, ತುಂಬು ದನಿ. ಮೂರನೆಯದು, ಒಂದೇ ಕತ್ತಿನ ಮೇಲೆ ಹನ್ನೆರಡು ತಂತಿ ಹಾಕಿ ಆ ಎರಡನ್ನೂ ಒಂದರಲ್ಲೇ ಹೇಗೋ ತುರುಕಿದ್ದು. ಎರಡು ಗಾಜುಗಳ ನಡುವೆಯೇ ಒದ್ದಾಡುವವರ ಮುಂದೆ ಮೂರು ಇಟ್ಟರೆ ಏನಾಗಬೇಕೋ ಅದೇ ಆಯಿತು.

"ಒಂದು ಕತ್ತಾದ್ರೆ ಹಗುರ. ಆದ್ರೆ ನಾಳೆ ಇನ್ನೊಂದು ಬೇಕು ಅನ್ನಿಸಿದ್ರೆ?" ತಟ್ಟೆಯ ಮುಂದೆ ಕೂತು ಹೇಳುತ್ತಿದ್ದರು. "ಹನ್ನೆರಡು ತಂತಿ ಆದ್ರೆ ಎರಡೂ ಸಿಗುತ್ತೆ. ಆದ್ರೆ ಬೆರಳು ಆರಕ್ಕೆ ಪಳಗಿದ್ದು, ತಪ್ಪು ತಂತಿ ಮೀಟಿದ್ರೆ?"

"ಭಾವ, ಊಟ ಆರ್ತಾ ಇದೆ" ಎನ್ನುತ್ತಿದ್ದೆ ನಾನು.

"ಎರಡು ಕತ್ತಾದ್ರೆ ಗತ್ತು. ಆದ್ರೆ ಭಾರ."

"ಒಂದು ಸಾಕು ರೀ" ಅಂದಳು ಅಕ್ಕ ಒಂದು ದಿನ. "ಹಾಡೋ ಗಂಟಲೂ ಒಂದೇ ತಾನೇ?"

ಭಾವ ಅವಳ ಕಡೆ ನೋಡಿ, ಗಾಜು ಬದಲಾಯಿಸುವ ಅದೇ ಮುಖ ಮಾಡಿ, "ನೋಡೋಣ" ಅಂದರು.

ಕೇಳದೆ ಬಿಟ್ಟವರೇ ಇಲ್ಲ. ಮೀಟರಿನವನನ್ನು ಕೇಳಿದರು, ಅವನು ಹನ್ನೆರಡು ಅಂದ, ಯಾಕೆಂದರೆ ಹನ್ನೆರಡು ಹತ್ತಕ್ಕಿಂತ ಹೆಚ್ಚು. ಟೈರಿನವನನ್ನು ಕೇಳಿದರು, ಅವನು ಎರಡು ಕತ್ತು ಅಂದ, ಒಂದು ಸ್ಪೇರ್ ಇರಬೇಕಂತೆ. ಕಣ್ಣು ತೋರಿಸಲು ಬಂದ ಮುದುಕರೊಬ್ಬರನ್ನು, ಅವರ ಮೂಗಿನ ಮೇಲೆ ಆ ಭಾರದ ಕನ್ನಡಕ ಇನ್ನೂ ಇರುವಾಗಲೇ ಕೇಳಿದರು. ಅವರು ಪ್ರಶ್ನೆ ಗಾಜಿನದೆಂದುಕೊಂಡು "ಎರಡನೇದು ಪರವಾಗಿಲ್ಲ" ಅಂದರಂತೆ. ಅದನ್ನೂ ಮನೆಗೆ ಬಂದು ಅಭಿಪ್ರಾಯವೆಂದು ವರದಿ ಮಾಡಿದರು. ನನ್ನನ್ನೂ ಕೇಳಿದರು. ನಾನು ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಈ ವಾದ್ಯ ಮಾಡಿಕೊಡುವ ಮೇಸ್ತ್ರಿಯೊಬ್ಬ ಇದ್ದ. ಹೊಲಿಗೆ ಯಂತ್ರ ರಿಪೇರಿಯ ಶೆಡ್ಡಿನ ಹಿಂಭಾಗದಲ್ಲಿ ಅವನ ಕಾರ್ಖಾನೆ. ಎಣ್ಣೆ ವಾಸನೆ, ನೆಲದ ತುಂಬ ಲೋಹದ ಸುರುಳಿ ಚೂರು, ಗೋಡೆಗೆ ಒರಗಿಸಿದ ಕಾಲಿಲ್ಲದ ಮೇಜುಗಳು. ಅವನ ಬಾಯಿಯೂ ಸಣ್ಣದಲ್ಲ. ತಾನು ಮಾಡಿದ ವಾದ್ಯದ ಸದ್ದು ಕೇಳಿ ಗಟ್ಟಿಮುಟ್ಟಾದ ಗಂಡಸರೆಲ್ಲ ಅತ್ತಿದ್ದಾರೆ ಎಂದು ಬಡಾಯಿ ಕೊಚ್ಚುತ್ತಿದ್ದ. ಅಲ್ಲಿ ಭಾವನವರು ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನು ಚಕ್ಕನೆ ಮಾಡಿದರು: ಹಳೆಯ ತೊಡೆ ಗಿಟಾರನ್ನು ಹೊಸದರ ಲೆಕ್ಕಕ್ಕೆ ಅವನ ಕೈಗೆ ಕೊಟ್ಟುಬಿಟ್ಟರು. ಹೊಸದು ಯಾವುದೆಂದು ಮಾತ್ರ ಹೇಳಲಿಲ್ಲ. ಆಮೇಲೆ ಯೋಚಿಸಿ ತಿಳಿಸುತ್ತೇನೆ ಎಂದು ಬರಿಗೈಲಿ ಮನೆಗೆ ಬಂದರು.

ಅತ್ತ ಹೋಟೆಲಿನಲ್ಲಿ ನೆಲದ ಕೆಲಸ ಮುಗಿಯುತ್ತ ಬಂತು. ಇತ್ತ ಅಕ್ಕ ಒಬ್ಬಳೇ, ವಾದ್ಯವಿಲ್ಲದೆ, ಪಾತ್ರೆ ತೊಳೆಯುತ್ತ ಹಾಡಿಕೊಳ್ಳುತ್ತಿದ್ದಳು. ಗೋಡೆಯ ಈಚೆಗೆ ನಾನು ಕೇಳುತ್ತಿದ್ದೆ. ಎತ್ತರದ ಜಾಗ ಬಂದಾಗ ನಲ್ಲಿ ಜೋರಾಗಿ ತಿರುಗಿಸುತ್ತಿದ್ದಳು, ತನಗೇ ಕೇಳಿಸಬಾರದೆಂದು. ಭಾವ ಮುಂದಿನ ಕೋಣೆಯಲ್ಲಿ ಊಟದ ಮೇಜಿಗೆ ಕಾಲು ಚಾಚಿ, ಇಲ್ಲದ ಪೆಡಲುಗಳನ್ನು ಒತ್ತುತ್ತ ಕೂತಿರುತ್ತಿದ್ದರು. ಆಗ ನನಗೆ ಬಂದ ಸಿಟ್ಟಿಗೆ ಗೋಡೆ ಒಡೆದುಕೊಂಡು ಆಚೆ ಹೋಗಬೇಕೆನ್ನಿಸುತ್ತಿತ್ತು.

ಕೊನೆಗೆ ಅಕ್ಕ ಮತ್ತು ನಾನು ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಆ ಶೆಡ್ಡಿಗೆ ಹೋದೆವು. ಮೇಸ್ತ್ರಿ ಮೂರನ್ನೂ ಸಾಲಾಗಿ ನಿಲ್ಲಿಸಿದ್ದ. ಭಾವ ಒಂದರ ಮುಂದೆ ಕೂತರು, ಎದ್ದರು; ಇನ್ನೊಂದರ ಮುಂದೆ ಕೂತರು, ಎದ್ದರು. ನನ್ನ ಡ್ಯೂಟಿಗೆ ಹೊತ್ತಾಗುತ್ತಿತ್ತು.

"ಎರಡು ಕತ್ತಿಂದೇ ತಗೊಳ್ಳಿ ಸಾಹೇಬರೇ" ಅಂದ ಮೇಸ್ತ್ರಿ. "ಅದು ನಿಮಗೇ ಅಂತ ಮಾಡಿದ ಹಾಗಿದೆ."

ಅದನ್ನು ಇನ್ಯಾರಿಗೋ ಮಾಡಿ, ಅವರು ಬಿಟ್ಟುಹೋಗಿ, ಮೇಲೆ ಹೊಲಿಗೆ ಯಂತ್ರದ ಮುಚ್ಚಳ ಪೇರಿಸಿಟ್ಟಿದ್ದದ್ದು, ಹಿಂದೊಮ್ಮೆ ಹೊಲಿಗೆ ಯಂತ್ರ ರಿಪೇರಿಗೆ ಬಂದಾಗ ನನ್ನ ಕಣ್ಣಿಗೇ ಬಿದ್ದಿತ್ತು. ಧೂಳು ಒರೆಸಿದ ಗುರುತು ಇನ್ನೂ ಹಸಿಯಾಗಿತ್ತು.

"ಇಲ್ಲಿ ನೋಡಿ, ಈ ಸ್ವಿಚ್ಚು" ಎಂದು ಅವನು ಎರಡು ಕತ್ತುಗಳ ನಡುವಿನ ಪುಟ್ಟ ಕೀಲೊಂದನ್ನು ಟಕ್ಕೆನ್ನಿಸಿ ತೋರಿಸಿದ. "ಆಚೆ ತಳ್ಳಿದ್ರೆ ಆಚೆ ಕತ್ತು ಮಾತಾಡುತ್ತೆ, ಈಚೆಗೆ ಎಳೆದ್ರೆ ಈಚೆದು. ನೀವು ಒಂದು ಕಡೆ ನುಡಿಸಿ ಸ್ವಿಚ್ಚು ಇನ್ನೊಂದು ಕಡೆ ಇದ್ರೆ ಸ್ಪೀಕರಲ್ಲಿ ಏನೂ ಬರಲ್ಲ. ಅಷ್ಟು ನೆನಪಿಟ್ಕೊಂಡ್ರೆ ಸಾಕು."

ಭಾವನ ಮುಖದಲ್ಲಿ ಬೆಳಕು ಕಂಡಿತು. ಎರಡನ್ನೂ ಇಟ್ಟುಕೊಳ್ಳಬಹುದು! ಆರಿಸುವ ಕೆಲಸವನ್ನು ಒಂದು ಸ್ವಿಚ್ಚಿನ ಮೇಲೆ ಹೇರಿ, ಪ್ರತಿ ಹಾಡಿಗೂ ಹೊಸದಾಗಿ ಯೋಚಿಸಬಹುದು! "ಇದೇ" ಎಂದುಬಿಟ್ಟರು. ಆಮೇಲೆ ಅಕ್ಕನ ಕಡೆ ತಿರುಗಿ, ದೊಡ್ಡ ಉಪಕಾರ ಮಾಡುವವರ ಹಾಗೆ ವಿವರಿಸಿದರು:

"ನಿಂಗೋಸ್ಕರನೇ ಕಣೆ. ನಿನ್ನ ದನಿ ಕೆಳಗಿರೋವಾಗ ಈಚೆ ಕತ್ತು ಜೊತೆಗಿರುತ್ತೆ. ನಿಂಗೆಲ್ಲಿ ಮೇಲೆ ಹೋಗೋಕಾಗಲ್ವೋ ಅಲ್ಲಿ ಆಚೆ ಕತ್ತಲ್ಲಿ ನಾನು ಹೋಗ್ತೀನಿ. ಜನಕ್ಕೆ ಗೊತ್ತೇ ಆಗಲ್ಲ."

ಮೇಸ್ತ್ರಿಯ ಎದುರಿಗೆ, ನನ್ನ ಎದುರಿಗೆ, ಹೊಲಿಗೆ ಯಂತ್ರ ರಿಪೇರಿಗೆ ಬಂದಿದ್ದ ಇಬ್ಬರು ಹೆಂಗಸರ ಎದುರಿಗೆ. ಅಕ್ಕ ಕೈಚೀಲದ ಜಿಪ್ಪನ್ನು ಎಳೆದಳು, ಮತ್ತೆ ಎಳೆದಳು. "ಹೂಂ" ಅಂದಳು. ಮುಚ್ಚಿಕೊಳ್ಳಬೇಕಾದ ಊನ ತನ್ನ ಗಂಟಲು ಎಂದು ಗಂಡನ ಬಾಯಿಂದಲೇ ಕೇಳಿದ ಮೇಲೆ ಹೆಂಗಸು ಇನ್ನೇನು ಹೇಳಬೇಕು? ಆ ಕ್ಷಣ ಆ ಎರಡು ಕತ್ತುಗಳ ಜೊತೆ ಮೂರನೆಯದೊಂದನ್ನೂ ಹಿಸುಕಬೇಕೆನ್ನಿಸಿತು ನನಗೆ.

ಆ ವಸ್ತುವನ್ನು ನಮ್ಮ ಮಹಡಿಗೆ ಹತ್ತಿಸಿದ್ದು ಇನ್ನೊಂದು ರಾಮಾಯಣ. ಪೆಟ್ಟಿಗೆಯಲ್ಲಿಟ್ಟರೆ ಒಬ್ಬ ಆಳು ಮಲಗಿದಷ್ಟು ಭಾರ. ರೋಗಿಗಳನ್ನು ಎತ್ತಿ ಪಳಗಿದ ನನಗೇ ಸೊಂಟ ಹಿಡಿಯಿತು. ಮೆಟ್ಟಿಲು ತಿರುಗುವಲ್ಲಿ ಪೆಟ್ಟಿಗೆ ಗೋಡೆಗೂ ಕಂಬಿಗೂ ನಡುವೆ ಸಿಕ್ಕಿಕೊಂಡಿತು. ಕೆಳಗಿನ ಮನೆಯವರು ಮೇಲೆ ಬರುವಂತಿಲ್ಲ, ಮೇಲಿನವರು ಕೆಳಗಿಳಿಯುವಂತಿಲ್ಲ. ಭಾವ ಅಲ್ಲೇ ನಿಂತು, "ಎಡಕ್ಕೆ ವಾಲಿಸೋಣ್ವಾ, ಬಲಕ್ಕಾ?" ಎಂದು ಚರ್ಚೆ ತೆಗೆದರು. ನಾನು ಒದ್ದೆ. ಪೆಟ್ಟಿಗೆಯನ್ನು.

ಆಮೇಲಿನ ಅಭ್ಯಾಸ ಕೇಳಬೇಡಿ. ಹೊಸದನ್ನು ಕಲಿಯುವ ಹುರುಪಿನಲ್ಲಿ ಅವರು ನುಡಿಸುತ್ತಿದ್ದದ್ದು ಬಹುಮಟ್ಟಿಗೆ ಆಚೆಯ ಕತ್ತನ್ನೇ, ಆ ಅಳುವುದನ್ನು. ಮೊಣಕೈ ಎರಡನ್ನೂ ಈಚೆಯ ಕತ್ತಿನ ಮೇಲೆ ಊರಿಕೊಂಡು, ಮುಂದಕ್ಕೆ ಬಾಗಿ. ಅಂದರೆ ಹತ್ತು ತಂತಿ, ಒಂದು ರಾಶಿ ಪೆಡಲು, ಅರ್ಧ ಭಾರ, ಎಲ್ಲವೂ ಮೊಣಕೈ ಇಡುವುದಕ್ಕೆ. ಮೊಣಕೈಗೆ ಒಂದು ದಿಂಬು ಹೊಲಿದುಕೊಡುತ್ತಿದ್ದೆನಲ್ಲ ಭಾವ, ಎಂದೆ. ಅವರಿಗೆ ಕೇಳಿಸಲಿಲ್ಲ. ಅಕ್ಕ ಹಾಡಿದರೆ ಆ ದನಿ ಅವಳ ನೆತ್ತಿಯ ಮೇಲೆಯೇ ಹತ್ತಿ ಕೂರುತ್ತಿತ್ತು. ಅವಳು ಒಂದು ಸಾಲು ಎತ್ತುವಷ್ಟರಲ್ಲಿ ಇದು ಮೂರು ಸಲ ಬಿಕ್ಕುತ್ತಿತ್ತು. ಅಕ್ಕ ಬರಬರುತ್ತ ಇನ್ನಷ್ಟು ಮೆಲ್ಲಗೆ ಹಾಡತೊಡಗಿದಳು.

ಜೊತೆಗೆ ಆ ಸ್ವಿಚ್ಚು. ದಿನಕ್ಕೊಂದು ಸಲವಾದರೂ ಸ್ವಿಚ್ಚು ಈಚೆಗಿರುತ್ತಿತ್ತು, ಇವರು ಆಚೆ ನುಡಿಸುತ್ತಿದ್ದರು. ಸದ್ದಿಲ್ಲ. ತಕ್ಷಣ ಭಾವ ಸ್ಪೀಕರಿನ ತಂತಿ ಕಿತ್ತು ಸಿಕ್ಕಿಸುವುದು, ಪ್ಲಗ್ಗು ತಟ್ಟುವುದು, ಫ್ರಿಜ್ ಆರಿಸಿ ನೋಡುವುದು, ಕರೆಂಟಿನವರನ್ನು ಶಪಿಸುವುದು. ಇದೆಲ್ಲ ಒಂದು ಸುತ್ತು ಮುಗಿದ ಮೇಲೆ ಅಡುಗೆಮನೆಯಿಂದ ಅಕ್ಕ ಕೂಗುತ್ತಿದ್ದಳು: "ಸ್ವಿಚ್ ನೋಡಿ ರೀ!" ಟಕ್. ಮತ್ತೆ ಅಳು ಶುರು. ಕೆಲವೊಮ್ಮೆ ನಾನೇ ಗೋಡೆ ಬಡಿದು ಕೂಗಿದ್ದುಂಟು.

ಪರೀಕ್ಷೆಯ ದಿನ ಬಂತು. ಹಗಲು ಹೊತ್ತು, ಖಾಲಿ ಹಾಲು. ಹೊಸ ನೆಲದ ಮೇಲೆ ಕಾಗದ ಹಾಸಿತ್ತು. ಕುರ್ಚಿಗಳನ್ನು ತಲೆಕೆಳಗಾಗಿ ಮೇಜುಗಳ ಮೇಲೆ ಪೇರಿಸಿದ್ದರು. ನಾನು ರಜೆ ಹಾಕಿ ಹೋಗಿದ್ದೆ. ಹಾಡು ಕೇಳಲಲ್ಲ, ಪೆಟ್ಟಿಗೆ ಹೊರಲು. ವೇದಿಕೆಯ ಪಕ್ಕದಲ್ಲೇ, ಭಾವನಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದೆ. ಮ್ಯಾನೇಜರಮ್ಮ ನಡುವಿನ ಒಂದು ಮೇಜಿನ ಮುಂದೆ ಕುರ್ಚಿ ಇಳಿಸಿಕೊಂಡು, ಒಂದು ಕೈಯಲ್ಲಿ ಫೋನ್ ಹಿಡಿದು ಕೂತರು. "ಒಂದು ಹಾಡು ಸಾಕು" ಅಂದರು.

ಅಕ್ಕ ಒಳ್ಳೆ ಸೀರೆ ಉಟ್ಟಿದ್ದಳು. ಮೈಕಿನ ಕಂಬವನ್ನು ಹಿಡಿದ ಬೆರಳುಗಳು ಬಿಳಿಚಿದ್ದವು. ಇದೊಂದು ಹಾಡಿನ ಮೇಲೆ ಅವಳ ಶನಿವಾರಗಳೆಲ್ಲ ನಿಂತಿವೆ ಎಂದು ನನಗೆ ಗೊತ್ತಿತ್ತು, ಮೀಟರಿನವನಿಗೆ ಗೊತ್ತಿತ್ತು, ಟೈರಿನವನಿಗೂ ಗೊತ್ತಿತ್ತು. ಭಾವ ಮಾತ್ರ ಟೈರಿನವನಿಗೆ ಈಚೆಯ ಕತ್ತಿನ ಗಂಭೀರ ದನಿ ಹೇಗಿದೆ ಎಂದು ನುಡಿಸಿ ತೋರಿಸುವುದರಲ್ಲಿದ್ದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಆಚೆಯ ಕತ್ತಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಹಾಡಿಗೆ ಮುನ್ನ ಬರಬೇಕಾದ ತಮ್ಮ ಪೀಠಿಕೆಯನ್ನು ಎತ್ತಿಕೊಂಡರು.

ಸದ್ದಿಲ್ಲ.

ಪೆಡಲುಗಳು ಏಳುತ್ತಿವೆ, ಬೀಳುತ್ತಿವೆ. ಮೊಣಕಾಲುಗಳು ಎಡಕ್ಕೆ ಬಲಕ್ಕೆ ಹೊಡೆದುಕೊಳ್ಳುತ್ತಿವೆ. ಮುಖದಲ್ಲಿ ಲೋಕದ ದುಃಖವೆಲ್ಲ ಮನೆ ಮಾಡಿದೆ. ಪಕ್ಕದಲ್ಲಿದ್ದ ನನಗೆ ಸೊಳ್ಳೆ ಗುಂಯ್ ಎಂದಷ್ಟು ತಂತಿಯ ಸದ್ದು ಕೇಳಿಸಿತೇ ಹೊರತು ಸ್ಪೀಕರಿನಲ್ಲಿ ಒಂದು ಉಸಿರೂ ಇಲ್ಲ. ಸ್ವಿಚ್ಚು! ಬಾಯಿ ತೆರೆದೆ. ಮ್ಯಾನೇಜರಮ್ಮ ಫೋನಿನಿಂದ ತಲೆ ಎತ್ತಿ ನೋಡುತ್ತಿದ್ದರು. ಬಾಯಿ ಮುಚ್ಚಿದೆ.

ಅಕ್ಕ ಹಿಂದಿರುಗಿ ನೋಡಿದಳು. ಅಡುಗೆಮನೆಯಿಂದ ದಿನಾ ಕೂಗುವ ಮಾತು ಅವಳ ತುಟಿಯ ತನಕ ಬಂದದ್ದು ನನಗೆ ಕಂಡಿತು. ಗಂಡನ ಮುಚ್ಚಿದ ಕಣ್ಣುಗಳನ್ನು ನೋಡಿದಳು. ಏನನ್ನಿಸಿತೋ, ಮುಂದಕ್ಕೆ ತಿರುಗಿದಳು, ಮೈಕಿಗೆ ಬಾಯಿ ಹತ್ತಿರ ತಂದಳು, ಪೀಠಿಕೆಗೆ ಕಾಯದೆ ಹಾಡಿಬಿಟ್ಟಳು.

ಕೆಳಗಿನ ಶ್ರುತಿಯಲ್ಲಿ, ಅವಳ ಈಗಿನ ದನಿಯಲ್ಲಿ. ಮೇಲೆ ಹತ್ತಿ ಕೂರುವವರು ಯಾರೂ ಇರಲಿಲ್ಲ. ಹಿಂದೆ ಬೇಸಿನ ಮೆಲ್ಲನೆಯ ಹೆಜ್ಜೆ, ಡ್ರಮ್ಮಿನ ಮೇಲೆ ಬ್ರಷ್ಷು ಸವರುವ ಸದ್ದು, ಅಷ್ಟೇ. ನಲ್ಲಿ ತಿರುಗಿಸಿ ಮುಚ್ಚುತ್ತಿದ್ದ ಜಾಗ ಬಂತು. ಅವಳು ಮೇಲಕ್ಕೆ ಹೋಗಲೇ ಇಲ್ಲ. ಆ ಪದವನ್ನು ಕೆಳಗೇ ಇಟ್ಟು, ಮಾತಾಡಿದ ಹಾಗೆ ಹೇಳಿ, ಸ್ವಲ್ಪ ತಡೆದು, ಮುಂದೆ ಹೋದಳು. ಇಳಿದ ದನಿ ಅಂದರಲ್ಲ, ಹೌದು, ಇಳಿದಿತ್ತು. ಇಳಿದು ಅವಳ ವಯಸ್ಸಿಗೆ, ಅವಳ ಬಾಳಿಗೆ ಬಂದು ಸೇರಿತ್ತು. ನನಗೆ ಕಣ್ಣು ತುಂಬಿತು. ನನ್ನಂಥವಳಿಗೆ ಅಳು ಬಂದರೆ ಸಿಟ್ಟೂ ಬರುತ್ತದೆ, ಎರಡೂ ಬಂದವು.

ಭಾವನಿಗೆ ಆಗ ಎಚ್ಚರವಾಯಿತು. ಕಣ್ಣು ಬಿಟ್ಟರು. ಸ್ಪೀಕರ್ ನೋಡಿದರು, ಕೈ ನೋಡಿಕೊಂಡರು. ಈ ಸಲ ಪ್ಲಗ್ಗಿಗೆ ಹೋಗಲಿಲ್ಲ; ನೇರ ಸ್ವಿಚ್ಚಿಗೇ ಹೋಯಿತು ಅವರ ಬಲಗೈ. ಹೆಬ್ಬೆರಳು ಅದರ ಮೇಲೆ ಕೂತದ್ದನ್ನು ನಾನು ಕಣ್ಣಾರೆ ಕಂಡೆ. ತಳ್ಳಿದರೆ ಆಯಿತು, ಅಳು ಶುರು. ಹಲ್ಲು ಕಚ್ಚಿ ನಿಂತೆ.

ಹೆಬ್ಬೆರಳು ಅಲ್ಲೇ ಇತ್ತು. ಅವರು ಅಕ್ಕನ ಬೆನ್ನನ್ನು ನೋಡುತ್ತಿದ್ದರು. ಎತ್ತರದ ಕುರ್ಚಿಯ ಮೇಲೆ ಕೂತ ಗಿರಾಕಿಗೆ ಸರಿಯಾದ ಗಾಜು ಬಿದ್ದಾಗ ಮುಖ ಹೇಗಾಗುತ್ತದೋ ಹಾಗಾಗಿತ್ತು ಆ ಮುಖ. ಮೆಲ್ಲಗೆ ಕೈ ಹಿಂದಕ್ಕೆ ತಂದರು. ಬೆರಳಿನ ಪಿಕ್ಕುಗಳನ್ನು ಒಂದೊಂದಾಗಿ ಕಳಚಿ ಮೇಜಿನ ಮೇಲಿಟ್ಟರು. ಆಮೇಲೆ ಮೊಣಕೈಗಳೆರಡನ್ನೂ ಈಚೆಯ ಕತ್ತಿನ ಮೇಲೆ ಊರಿ, ಗದ್ದಕ್ಕೆ ಕೈ ಕೊಟ್ಟು, ಹಾಡು ಮುಗಿಯುವ ತನಕ ಕೇಳುತ್ತ ಕೂತರು.

ಮ್ಯಾನೇಜರಮ್ಮ ಎದ್ದು ಬಂದು ಅಕ್ಕನ ಕೈ ಹಿಡಿದು, "ಶನಿವಾರದಿಂದ ಬನ್ನಿ ಮೇಡಂ" ಅಂದರು. ಆಮೇಲೆ ಭಾವನ ಕಡೆ ತಿರುಗಿ, "ನೀವೂ ತುಂಬಾ ಹದವಾಗಿ ನುಡಿಸಿದ್ರಿ ಸಾರ್. ಇಷ್ಟೇ ಇರ್ಲಿ, ಇದಕ್ಕಿಂತ ಜಾಸ್ತಿ ಬೇಡ" ಅಂದರು. ಆಕೆಯ ಸಂಗೀತಜ್ಞಾನದ ಬಗ್ಗೆ ಮೊದಲೇ ಹೇಳಿದ್ದೇನೆ. ಟೈರಿನವನಿಗೆ ನಗು ತಡೆಯಲಾಗದೆ ಡ್ರಮ್ಮಿನ ತಿರುಪು ಬಿಗಿಮಾಡುವವನಂತೆ ಬಗ್ಗಿದ. ಭಾವ ಗಂಭೀರವಾಗಿ ತಲೆಬಾಗಿ ಪ್ರಶಂಸೆ ಸ್ವೀಕರಿಸಿದರು. ನಾಚಿಕೆಯಿಲ್ಲದ ಮನುಷ್ಯ.

ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತಿದೆವು, ತಿರುವಿನಲ್ಲಿ ಮತ್ತೆ ಸಿಕ್ಕಿಕೊಂಡಿತು. ಭಾವ ಮೇಲಿನ ತುದಿಯಲ್ಲಿ, ನಾನು ಕೆಳಗಿನ ತುದಿಯಲ್ಲಿ ಏದುಸಿರು ಬಿಡುತ್ತ ನಿಂತೆವು. ಅಕ್ಕ ನನ್ನ ಹಿಂದೆ ಮೆಟ್ಟಿಲಲ್ಲಿ, ಕೈಯಲ್ಲಿ ಚಪ್ಪಲಿ ಹಿಡಿದು ನಿಂತಿದ್ದಳು.

"ರೀ, ಒಂದು ಮಾತು ಕೇಳ್ಲಾ?" ಅಂದಳು. "ಅಲ್ಲಿ ಸ್ವಿಚ್ಚು ಯಾವ ಕಡೆ ಇತ್ತು?"

"ಸರಿಯಾದ ಕಡೆನೇ ಇತ್ತು" ಅಂದರು ಭಾವ.

ಯೋಚಿಸಲಿಲ್ಲ, ತಲೆ ಕೆರೆದುಕೊಳ್ಳಲಿಲ್ಲ, ನೋಡೋಣ ಅನ್ನಲಿಲ್ಲ. ಇಷ್ಟು ವರ್ಷಗಳಲ್ಲಿ ಯಾವ ಕಡೆ ಎಂದು ಕೇಳಿದ್ದಕ್ಕೆ ಆ ಬಾಯಿಂದ ನೇರ ಉತ್ತರ ಬಂದದ್ದು ಅದೊಂದೇ ಸಲ. ಅಕ್ಕ ಚಪ್ಪಲಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಪಕ್ಕ ಬಂದು ಪೆಟ್ಟಿಗೆಗೆ ಕೈ ಕೊಟ್ಟಳು.

"ಎಡಕ್ಕೆ ವಾಲಿಸೋಣ್ವಾ, ಬಲಕ್ಕಾ?" ಎಂದು ಮೇಲಿನಿಂದ ಭಾವ ಕೇಳಿದರು.